ಅಪ್ಪನ ಪಾಳಿಯ ನಿದ್ದೆ

ನಾನು ಕಲಿತ ಮೊದಲ ಮಾತು ಅಪ್ಪ ಅಲ್ಲ, ಅಮ್ಮ ಅಲ್ಲ, 'ಶ್'. ಅಮ್ಮ ಇದನ್ನು ಒಪ್ಪುವುದಿಲ್ಲ. ಅವಳು ಒಪ್ಪದ ವಿಷಯಗಳ ಪಟ್ಟಿ ದೊಡ್ಡದಿದೆ, ಅದರಲ್ಲಿ ಇದೂ ಒಂದು.

ಬೆಳಿಗ್ಗೆ ಏಳಕ್ಕೆ ಅಪ್ಪ ಮಲಗಿದನೆಂದರೆ ಮಧ್ಯಾಹ್ನ ಮೂರರವರೆಗೆ ನಮ್ಮ ಮನೆಗೆ ಬಾಯಿಯೇ ಇರುತ್ತಿರಲಿಲ್ಲ. ಕರೆಗಂಟೆಗೆ ಅಮ್ಮ ಹಳೆಯ ಕಾಲುಚೀಲ ತೊಡಿಸಿದ್ದಳು. ಪಾತ್ರೆಗಳ ಅಡಿಗೆ ಬಟ್ಟೆ, ಕುರ್ಚಿಯ ಕಾಲುಗಳಿಗೆ ರಬ್ಬರು. ನಲ್ಲಿಯ ಬಾಯಿಗೂ ಒಂದು ಚಿಂದಿ ಕಟ್ಟಿ, ನೀರು ಬಟ್ಟೆಯ ಮೇಲೆ ಜಾರಿ ಸದ್ದಿಲ್ಲದೆ ಇಳಿಯುವಂತೆ ಮಾಡಿದ್ದಳು. ಅಮ್ಮ ನಾನು ಜಗಳ ಆಡಿದರೂ ಪಿಸುದನಿಯಲ್ಲೇ. ಪಿಸುಗುಡುತ್ತ ಜಗಳ ಆಡಿ ನೋಡಿ, ಎರಡು ನಿಮಿಷದಲ್ಲಿ ನಗು ಬರುತ್ತದೆ. ಆ ನಗುವನ್ನೂ ದಿಂಬಿನೊಳಗೆ ಮುಖ ಹುದುಗಿಸಿಯೇ ನಗಬೇಕಿತ್ತು.

ಈಗ ನಾನು ಶಾಲೆಯೊಂದರಲ್ಲಿ ಆಟದ ಮೇಡಂ. ಕೊರಳಲ್ಲಿ ಸದಾ ಸೀಟಿ. ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಯ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ. ಚಿಕ್ಕಂದಿನಲ್ಲಿ ನುಂಗಿಕೊಂಡ ಕೂಗನ್ನೆಲ್ಲ ಈಗ ಕಾರುತ್ತಿದ್ದೀಯ ಎಂದು ನನ್ನ ಗಂಡ ಹೇಳುತ್ತಾನೆ. ಹೇಳಲಿ. ಅವನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಅಪ್ಪ ಬ್ರೆಡ್ ಮಾಡುವವನು. ಮೂರು ಬೀದಿ ಆಚೆ ಇದ್ದ ಬೇಕರಿಯ ಹಿಂಭಾಗದಲ್ಲಿ, ಕಟ್ಟಿಗೆ ಒಲೆಯ ಮುಂದೆ, ಮೂವತ್ತೆಂಟು ವರ್ಷ. ರಾತ್ರಿ ಒಂಬತ್ತೂವರೆಗೆ ಮನೆ ಬಿಟ್ಟರೆ ಬೆಳಿಗ್ಗೆ ಆರೂವರೆಗೆ ಕಂಕುಳಲ್ಲಿ ಒಂದು ಬಿಸಿ ಬ್ರೆಡ್ ಇಟ್ಟುಕೊಂಡು ವಾಪಸು. ಊರೆಲ್ಲ ಮಲಗಿದಾಗ ಎಚ್ಚರ, ಊರೆಲ್ಲ ಎದ್ದಾಗ ನಿದ್ದೆ. ಬೀದಿಯವರು ಅವನಿಗೆ ಗೂಬೆ ಅಂತ ಹೆಸರಿಟ್ಟಿದ್ದರು. ಅಮ್ಮನಿಗೆ ಇದು ಕೇಳಿದರೆ ಮೈಯೆಲ್ಲ ಉರಿ. ಅಪ್ಪ ಮಾತ್ರ, "ಹೇಳ್ಲಿ ಬಿಡೇ, ಬೆಳಿಗ್ಗೆ ಎದ್ದು ಅದೇ ಗೂಬೆ ಮಾಡಿದ ಬ್ರೆಡ್ ತಾನೇ ತಿನ್ನೋದು" ಅನ್ನುತ್ತಿದ್ದ.

ಅವನ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಅವನ ನಾಲಿಗೆ. ಕಲಸಿದ ಹಿಟ್ಟಿನಿಂದ ಕಡಲೆಕಾಳಿನಷ್ಟು ಚಿವುಟಿ, ಹಸಿಯಾಗಿಯೇ ನಾಲಿಗೆಯ ತುದಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ಉಪ್ಪು ಒಂದು ಚಿಟಿಕೆ ಕಮ್ಮಿ, ಹಿಟ್ಟು ಉಬ್ಬಿಸುವ ಈಸ್ಟ್ ಹಳೆಯದು, ನೀರು ಬದಲಾಗಿದೆ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ತಪ್ಪಿದ್ದನ್ನು ನಾನಂತೂ ಕಂಡಿಲ್ಲ. ಆಮೇಲೆ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಸುಮ್ಮನೆ ಕೂರುತ್ತಿದ್ದ. ಅದು ತಾನಾಗಿ ಏಳಬೇಕು, ಆತುರ ಮಾಡಿದರೆ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದ. ಹೆಂಡತಿಯ ಬಗ್ಗೆಯೂ ಅದನ್ನೇ ಹೇಳುತ್ತಿದ್ದ.

ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಹಾಸಿಗೆ. ಅಮ್ಮ ಐದೂವರೆಗೆ ಅದರಿಂದ ಏಳುವಳು, ಏಳಕ್ಕೆ ಅಪ್ಪ ಅದರೊಳಗೆ ಸೇರುವನು. ಅವಳ ತಲೆ ಒತ್ತಿದ ಗುಳಿಯಲ್ಲೇ ಅವನ ತಲೆ. ಮೂವತ್ತೆಂಟು ವರ್ಷ ಆ ಹಾಸಿಗೆ ಸರಿಯಾಗಿ ಆರಿದ್ದೇ ಇಲ್ಲ. ಬೇಕರಿಗೆ ರಜೆ ಬಂದ ದಿನವೂ ಅಪ್ಪನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಹತ್ತಿರ ಕೂತು, ಕೆಟ್ಟ ಗಡಿಯಾರಗಳನ್ನು ಬಿಚ್ಚಿ ಇನ್ನಷ್ಟು ಕೆಡಿಸುತ್ತಿದ್ದ.

ಮಲಗುವ ಕೋಣೆಯ ಕಿಟಕಿಗೆ ಅಮ್ಮ ಒಂದು ಪರದೆ ಹೊಲಿದಿದ್ದಳು. ಬೇಕರಿಯಿಂದ ತಂದ ಮೈದಾ ಚೀಲಗಳನ್ನು ಬಿಚ್ಚಿ, ಎರಡು ಪದರ ಸೇರಿಸಿ, ಕಡುಕಪ್ಪು ಬಣ್ಣದಲ್ಲಿ ಅದ್ದಿ ತೆಗೆದದ್ದು. ಹನ್ನೆರಡು ಗಂಟೆಯ ಬಿಸಿಲಲ್ಲೂ ಒಳಗೆ ಅಮಾವಾಸ್ಯೆ. ಆದರೆ ಒಂದು ಕಡೆ ಹೊಲಿಗೆ ಬಿಟ್ಟು ಸಣ್ಣ ತೂತಾಗಿತ್ತು. ಆ ತೂತಿನಿಂದ ಬಂದ ಬೆಳಕಿನ ಚುಕ್ಕಿ ಎದುರು ಗೋಡೆಯ ಮೇಲೆ ಇರುವೆಗಿಂತ ನಿಧಾನವಾಗಿ ನಡೆಯುತ್ತಿತ್ತು. ಕ್ಯಾಲೆಂಡರಿನ ಮೊಳೆ ಮುಟ್ಟಿದರೆ ಹನ್ನೆರಡು, ಬಾಗಿಲ ಚೌಕಟ್ಟು ಮುಟ್ಟಿದರೆ ಮೂರು, ಅಪ್ಪ ಏಳುವ ಹೊತ್ತು. ಶಾಲೆ ಇಲ್ಲದ ದಿನ ನಾನು ಬರಿಗಾಲಲ್ಲಿ ಒಳಗೆ ನುಸುಳಿ ತಣ್ಣನೆಯ ನೆಲದ ಮೇಲೆ ಕೂತು ಆ ಚುಕ್ಕಿಯನ್ನೇ ನೋಡುತ್ತಿದ್ದೆ. ಅಪ್ಪನ ಮೈಯಿಂದ ಹುಳಿ ಹಿಟ್ಟಿನ ವಾಸನೆ ಬರುತ್ತಿತ್ತು. ಹೊರಗೆ ಬೀದಿಯಲ್ಲಿ ಯಾರೋ ಏನನ್ನೋ ಮಾರುತ್ತಿದ್ದರು, ಆ ಕೂಗು ನೀರಿನಡಿಯಿಂದ ಕೇಳಿದ ಹಾಗೆ ಕೇಳುತ್ತಿತ್ತು. ನನ್ನ ಬಾಲ್ಯದ ಒಳ್ಳೆಯ ಹೊತ್ತೆಲ್ಲ ಆ ಕತ್ತಲೆಯಲ್ಲೇ ಕಳೆದಿದೆ.

ರಾತ್ರಿ ಮಾತ್ರ ಅದೇ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಇಡೀ ರಾತ್ರಿ. ನನಗೆ ಹೆದರಿಕೆ ಆಗದಿರಲಿ ಎಂದು ಅಮ್ಮ ಹಚ್ಚಿಡುತ್ತಾಳೆ ಅಂತ ನಾನು ತಿಳಿದಿದ್ದೆ. ಮದುವೆಯಾಗಿ ಎರಡು ಬೀದಿ ಆಚೆಗೆ ಹೋದ ಮೇಲೂ ಆ ದೀಪ ಉರಿಯುತ್ತಲೇ ಇತ್ತು. ಅದು ಯಾಕೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ಅಪ್ಪನ ಮಂಡಿಗಳು ಕೈಕೊಟ್ಟವು. ಒಲೆಯ ಮುಂದೆ ಬಗ್ಗಿದರೆ ಏಳಲು ಇನ್ನೊಬ್ಬರು ಬೇಕು ಅನ್ನುವಂತಾಯಿತು. ಬೇಕರಿಯ ಸಾಹುಕಾರರು ದೊಡ್ಡ ಮನಸ್ಸಿನಿಂದ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ಟಿಕ್ ಟಿಕ್ ಅನ್ನುತ್ತಿತ್ತು. ಅಮ್ಮ ಅದೇ ದಿನ ಅದರ ಸೆಲ್ ತೆಗೆದಿಟ್ಟಳು.

ಅಪ್ಪನ ರಾತ್ರಿ ಪಾಳಿ ಮುಗಿದ ಖುಷಿಯಲ್ಲಿ ನಾನು ಒಂದು ಕೆಲಸ ಮಾಡಿದೆ. ಸ್ಟೂಲು ಹತ್ತಿ, ಆ ಕಪ್ಪು ಪರದೆಯನ್ನು ಕಿತ್ತು ಹಾಕಿದೆ. "ಇನ್ನು ಸಾಕಪ್ಪ ಈ ಗೂಬೆ ಬಾಳು, ಇನ್ಮೇಲೆ ನೀನೂ ಮನುಷ್ಯರ ಹಾಗೆ ರಾತ್ರಿ ಮಲಗು" ಅಂದೆ. ಬಿಸಿಲು ಒಳಗೆ ಬಿದ್ದಾಗ ಕೋಣೆ ಎಷ್ಟು ಚಿಕ್ಕದು ಎಂದು ಮೊದಲ ಸಲ ಗೊತ್ತಾಯಿತು. ಪರದೆಯನ್ನು ಮಡಚಿ ಶಾಲೆಗೆ ಒಯ್ದು, ಉದ್ದಜಿಗಿತದ ಮರಳಿಗೆ ಬೆಕ್ಕು ಬಾರದಂತೆ ಮುಚ್ಚಿದೆ. ಒಳ್ಳೆಯದು ಮಾಡಿದೆ ಎಂದುಕೊಂಡು ಎರಡು ದಿನ ಬೀಗುತ್ತಿದ್ದೆ.

ಅಪ್ಪ ಮನುಷ್ಯರ ಹಾಗೆ ಹತ್ತು ಗಂಟೆಗೆ ಮಲಗಿದ. ಹನ್ನೊಂದಕ್ಕೆ ಎದ್ದ. ಅಡುಗೆಮನೆಯಲ್ಲಿ ಕೂತ. ಎರಡು ಗಂಟೆಗೆ ಅವನ ಕೈಗಳು ತಾವಾಗಿಯೇ ಮೇಜಿನ ಮೇಲೆ ಇಲ್ಲದ ಹಿಟ್ಟನ್ನು ನಾದುತ್ತಿದ್ದವಂತೆ. ಬೆಳಗಾದರೆ ನಿದ್ದೆ ಬಂದು ಕಣ್ಣು ಎಳೆಯುತ್ತಿತ್ತು, ಆದರೆ ಕೋಣೆಯ ತುಂಬ ಬಿಸಿಲು, ಬೀದಿಯ ತುಂಬ ಗಲಾಟೆ, ಜೊತೆಗೆ ಹಗಲು ಮಲಗಬಾರದು ಎಂದು ಮಗಳ ಆಜ್ಞೆ. ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಎರಡು ತಿಂಗಳಲ್ಲಿ ಅವನ ಕೆನ್ನೆ ಇಳಿದುಹೋಯಿತು. ಊಟದ ನಡುವೆ ಕೈ ತುತ್ತಿನ ಸಮೇತ ನಿಂತುಬಿಡುತ್ತಿತ್ತು. ಒಂದು ಬೆಳಿಗ್ಗೆ ಹಾಲು ತರುವಾಗ ಮನೆಯ ಮೆಟ್ಟಿಲ ಮೇಲೆ ನಿಂತಲ್ಲೇ ತೂಕಡಿಸಿ ಉರುಳಿದ. ಹಣೆ ಒಡೆದು ನಾಲ್ಕು ಹೊಲಿಗೆ ಬಿತ್ತು. ಇನ್ನೊಂದು ಸಲ ಹೀಗೆ ಬಿದ್ದರೆ ಅಪ್ಪ ನಮ್ಮ ಕೈಗೆ ಸಿಗುವುದಿಲ್ಲ ಎಂದು ಹೆದರಿದೆ. ಹೆದರಿದರೆ ನಾನು ಅಳುವುದಿಲ್ಲ, ಬೈಯುತ್ತೇನೆ. ದಾರಿಯುದ್ದಕ್ಕೂ ಬೈಯುತ್ತಲೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ರಕ್ತದೊತ್ತಡ ನೋಡಿದರು, ಬೇರೆ ಯಾವ ಔಷಧಿ ತಗೋತೀರಿ ಎಂದು ಕೇಳಿದರು, ಎಲ್ಲ ಕೇಳಿ ಮೆಲಟೋನಿನ್ ಅಂತ ಬರೆದುಕೊಟ್ಟರು. ಮಲಗುವ ಎರಡು ಗಂಟೆ ಮೊದಲು ಒಂದು, ಒಂದು ತಿಂಗಳು ನೋಡೋಣ ಅಂದರು.

ಔಷಧಿ ಅಂಗಡಿಯ ಹುಡುಗಿ ಅಪ್ಪನ ಬ್ರೆಡ್ ತಿಂದು ಬೆಳೆದವಳು. ಡಬ್ಬಿಯನ್ನು ಅವನ ಕೈಗಿಟ್ಟು ಅವಳೇ ಬಿಡಿಸಿ ಹೇಳಿದಳು.

"ಮಾಮ, ಇದು ಹೊಡೆದು ಮಲಗಿಸೋ ಮಾತ್ರೆ ಅಲ್ಲ. ಕತ್ತಲಾದಾಗ ನಮ್ಮ ತಲೆಯೊಳಗೇ ಇದು ಸ್ವಲ್ಪ ಸ್ವಲ್ಪ ಊರುತ್ತೆ. 'ಕತ್ತಲಾಯ್ತು ಕಣಪ್ಪ, ಅಂಗಡಿ ಮುಚ್ಚು' ಅಂತ ಮೈಗೆ ಹೇಳೋ ಚೀಟಿ ಅಂದ್ಕೊಳ್ಳಿ. ನಿಮ್ಮ ಮೈಗೆ ಆ ಚೀಟಿ ಇಷ್ಟು ವರ್ಷ ತಪ್ಪು ಹೊತ್ತಿಗೆ ಬರ್ತಿತ್ತು. ಈಗ ಸರಿ ಹೊತ್ತಿಗೆ ಕೈಯಾರೆ ಕೊಡ್ತಿದೀವಿ, ಅಷ್ಟೇ."

"ಚೀಟಿ ಓದೋಕೆ ಮೈಗೆ ಅಕ್ಷರ ಬರ್ಬೇಕಲ್ಲಮ್ಮ" ಅಂದ ಅಪ್ಪ.

ಅಕ್ಷರ ಬಂತು. ಆರನೆಯ ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಒಂದೇ ನಿದ್ದೆ. ದೀಪ ಉರಿಯುತ್ತಿದ್ದುದರಿಂದ ಕಣ್ಣಿಗೆ ಟವೆಲ್ ಕಟ್ಟಿಕೊಂಡಿದ್ದನಂತೆ. ದೀಪ ಆರಿಸಿದರೇನು ಎಂದು ಕೇಳಿದ್ದಕ್ಕೆ ಅಮ್ಮ, "ಅಭ್ಯಾಸ, ಬಿಡಿ" ಅಂದಳಂತೆ. ಮಾತ್ರೆಯ ಜೊತೆ ಕನಸುಗಳೂ ಬಂದವು, ಬಣ್ಣಬಣ್ಣದ ಉದ್ದುದ್ದ ಕನಸುಗಳು. ಅಪ್ಪ ಬೆಳಿಗ್ಗೆ ಬಾಗಿಲಲ್ಲಿ ಕೂತು ಹೇಳುತ್ತಿದ್ದ, ನಾನು ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ಕೇಳುತ್ತಿದ್ದೆ. ಒಂದು ಕನಸಿನಲ್ಲಿ ಬೇಕರಿಯ ಹಿಟ್ಟು ತೊಟ್ಟಿ ಮೀರಿ ಉಬ್ಬಿ, ಬಾಗಿಲು ದಾಟಿ ಬೀದಿಗೆ ಬಂತಂತೆ. ಬೆಚ್ಚಗೆ, ಬೆಳ್ಳಗೆ, ಮೆಲ್ಲಗೆ. ಮನೆಮನೆಯ ಕಿಟಕಿಯಿಂದ ಜನ ಅದರ ಮೇಲೆ ಇಳಿದು, ಮಗ್ಗುಲಾಗಿ, ಒಬ್ಬೊಬ್ಬರೇ ನಿದ್ದೆ ಹೋದರಂತೆ. ಪೋಸ್ಟಿನವನು ಚೀಲವನ್ನೇ ದಿಂಬು ಮಾಡಿಕೊಂಡಿದ್ದ. ಸಾಹುಕಾರರು ಅಂಗಾತ ಮಲಗಿದ್ದರು.

"ಅಮ್ಮ ಎಲ್ಲಿದ್ದಳು?" ಎಂದು ಕೇಳಿದೆ.

"ಅವಳು ಮಲಗಿರ್ಲಿಲ್ಲ. ದಡದಲ್ಲಿ ಕೂತಿದ್ಲು" ಅಂದ ಅಪ್ಪ. ಒಳಗೆ ಪಾತ್ರೆ ಇಡುತ್ತಿದ್ದ ಅಮ್ಮನ ಕಣ್ಣುಗಳು ಕೆಂಪಗಿದ್ದವು. ಏನಾಯಿತು ಎಂದರೆ "ಧೂಳು" ಅಂದಳು. ನಾನು ಗೆದ್ದ ಅಮಲಿನಲ್ಲಿದ್ದೆ, ಧೂಳೇ ಇರಬೇಕು ಅಂದುಕೊಂಡೆ.

ಎರಡು ವಾರ ಹೀಗೆ ಕಳೆಯಿತು. ಆಮೇಲೆ ಒಂದು ರಾತ್ರಿಯಿಂದ ಇದ್ದಕ್ಕಿದ್ದಂತೆ ಮಾತ್ರೆ ಕೆಲಸ ನಿಲ್ಲಿಸಿತು. ಅಮ್ಮ ತಪ್ಪದೆ ಎಂಟು ಗಂಟೆಗೆ ಮಾತ್ರೆ ಕೈಗೆ ಕೊಡುತ್ತಾಳೆ, ಅಪ್ಪ ತಪ್ಪದೆ ನುಂಗುತ್ತಾನೆ, ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಲೋಟದ ಸದ್ದು. ಕನಸು ನಿಂತಿತು. ಹಣೆಯ ಗಾಯ ಮಾಗುವ ಮೊದಲೇ ಅಪ್ಪ ಮತ್ತೆ ತುತ್ತು ಹಿಡಿದು ತೂಕಡಿಸತೊಡಗಿದ. ವಿಚಿತ್ರವೆಂದರೆ ಅದೇ ದಿನಗಳಲ್ಲಿ ಅಮ್ಮ ಕಳೆಕಳೆಯಾಗಿ ಕಾಣುತ್ತಿದ್ದಳು. ಮುಖ ತುಂಬಿಕೊಂಡಿತ್ತು. ತರಕಾರಿ ಹೆಚ್ಚುತ್ತ ಏನೋ ಗುನುಗುತ್ತಿದ್ದಳು. ಗಂಡ ಹೀಗೆ ಸೊರಗುವಾಗ ಇವಳಿಗೆ ಹಾಡು ಬೇರೆ ಕೇಡು ಎಂದು ನನಗೆ ಸಿಟ್ಟು ಬಂತು.

ನಾನು ಬೇಕರಿಯವನ ಮಗಳು. ಹಿಟ್ಟು ಏಳದಿದ್ದರೆ ನಮಗೆ ಗೊತ್ತಿರುವುದು ಎರಡೇ ಕಾರಣ. ಚಳಿಗೆ ಈಸ್ಟ್ ಸಾಲದು, ಇಲ್ಲವೇ ಈಸ್ಟ್ ಸತ್ತಿದೆ. ನೇರ ಔಷಧಿ ಅಂಗಡಿಗೆ ಹೋದೆ.

"ಇದರ ಎರಡರಷ್ಟು ಶಕ್ತೀದು ಕೊಡು."

"ಹಾಗೆ ಕೊಡಲ್ಲ ಅಕ್ಕ. ಜಾಸ್ತಿ ಹಾಕಿದ್ರೆ ಜಾಸ್ತಿ ನಿದ್ದೆ ಬರುತ್ತೆ ಅಂತೇನಿಲ್ಲ. ಬೆಳಿಗ್ಗೆ ತಲೆ ಭಾರ ಆಗುತ್ತೆ, ಮಾಮ ಮತ್ತೆ ಮೆಟ್ಟಿಲ ಮೇಲೆ ಬಿದ್ರೆ?"

"ಹಾಗಾದ್ರೆ ನೀನು ಕೊಟ್ಟಿರೋದು ಸತ್ತ ಮಾಲು."

"ಏನು?"

"ಹಳೇದು! ಸತ್ತಿದೆ! ಮೊದಲು ಎದ್ದಿತ್ತು, ಈಗ ಏಳ್ತಿಲ್ಲ!"

ಮೈದಾನದ ದನಿ ಅಂಗಡಿಯಲ್ಲಿ ಬಂದುಬಿಟ್ಟಿತು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕರು ತಮ್ಮ ಕೈಯಲ್ಲಿದ್ದ ಕೆಮ್ಮಿನ ಔಷಧಿಯ ತಾರೀಖನ್ನು ಓದತೊಡಗಿದರು. ಆ ಹುಡುಗಿ ಕಣ್ಣು ತುಂಬಿಕೊಂಡು ನನ್ನ ಮುಂದೆ ಹೊಸ ಡಬ್ಬಿ ಇಟ್ಟಳು, ಅದರ ಮೇಲಿನ ತಾರೀಖಿಗೆ ಬೆರಳಿಟ್ಟು ತೋರಿಸಿದಳು. ನಾನು ಡಬ್ಬಿ ಎತ್ತಿಕೊಂಡು ಬಂದೆ. ಸುಮ್ಮನೆ ತಪ್ಪನ್ನು ಅವಳ ತಲೆಗೆ ಕಟ್ಟಿದ್ದೆ ಎಂದು ಗೊತ್ತಾದದ್ದು ಮರುವಾರ.

ಮರುವಾರ ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ ತವರಿಗೆ ಹೋದೆ. ಅಪ್ಪ ಹೊರಕೋಣೆಯ ಕುರ್ಚಿಯಲ್ಲಿ ಗಲ್ಲವನ್ನು ಎದೆಗೆ ಒತ್ತಿ ಕೂತಿದ್ದ, ಎಚ್ಚರವೋ ನಿದ್ದೆಯೋ ಅವನಿಗೇ ಗೊತ್ತಿಲ್ಲದಂತೆ. ಅಮ್ಮ ತರಕಾರಿ ತರಲು ಹೋಗಿದ್ದಳು. ನಾನೇ ಟೀ ಮಾಡಿಕೊಂಡೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಟೀಗೆ ಸಕ್ಕರೆಯ ಬದಲು ಸಿಹಿ ಮಾತ್ರೆ ಹಾಕುತ್ತಾಳೆ. ಸೊಂಟ ದಪ್ಪವಾಗುತ್ತಿದೆ ಎಂದು ನಾನೂ ಅದನ್ನೇ ಹಾಕುತ್ತೇನೆ. ಮುಂದಿದ್ದ ಡಬ್ಬಿ ಖಾಲಿಯಾಗಿತ್ತು. ಹೋದ ವಾರವಷ್ಟೇ ಹೊಸದು ತಂದುಕೊಟ್ಟಿದ್ದೆ, ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಗೊಣಗುತ್ತ ಹುಡುಕಿದೆ. ಉಪ್ಪಿನ ಜಾಡಿಯ ಹಿಂದೆ ಇನ್ನೊಂದು ಡಬ್ಬಿ ಸಿಕ್ಕಿತು. ಎರಡು ಮಾತ್ರೆ ಹಾಕಿ ಕಲಕಿದೆ. ಸಿಹಿಯೇ ಇಲ್ಲ. ಇನ್ನೊಂದು ಹಾಕಿದೆ. ಊಹೂಂ, ಸ್ವಲ್ಪ ಕಹಿಯೇ ಆಯಿತು. ಈಗ ಸಿಹಿಯಲ್ಲೂ ಮೋಸ ಶುರುವಾಯಿತು ಎಂದು ಬೈದು, ಚೆಲ್ಲಲು ಮನಸ್ಸಾಗದೆ ತಳದ ಪುಡಿಯ ಸಮೇತ ಕುಡಿದುಬಿಟ್ಟೆ.

ಒಂದು ಗಂಟೆ ಕಳೆದಿರಬೇಕು. ಒಗೆದ ಬಟ್ಟೆ ಮಡಚಲು ಮಲಗುವ ಕೋಣೆಗೆ ಹೋದೆ. ಕೈಯಲ್ಲಿದ್ದ ಅಂಗಿಯ ತೋಳು ಬಹಳ ಉದ್ದವಾಗಿ ಕಂಡಿತು, ಮಡಚಿದಷ್ಟೂ ಮುಗಿಯುತ್ತಿಲ್ಲ. ಒಂದು ನಿಮಿಷ ಅಡ್ಡಾಗೋಣ ಅಂದುಕೊಂಡು ಹಾಸಿಗೆಯ ಅಂಚಿಗೆ ತಲೆ ಇಟ್ಟೆ. ಅಪ್ಪನದೂ ಅಮ್ಮನದೂ ಆದ ಆ ಗುಳಿಗೆ ನನ್ನ ತಲೆ ಸರಿಯಾಗಿ ಕೂತಿತು.

ಕೋಣೆಯಲ್ಲಿ ಬಿಸಿಲು ತುಂಬಿತ್ತು, ಆದರೂ ಕತ್ತಲಾಯಿತು. ಕಪ್ಪು ಪರದೆ ತಾನಾಗಿ ಕಿಟಕಿಗೆ ಬಂದು ಕೂತಿತು. ಬೆಳಕಿನ ಚುಕ್ಕಿ ಗೋಡೆಯಿಂದ ಇಳಿದು ನನ್ನ ಅಂಗೈಗೆ ಬಂತು, ಬೆಚ್ಚಗಿತ್ತು, ಬ್ರೆಡ್ಡಿನ ವಾಸನೆ ಬರುತ್ತಿತ್ತು. ನನಗೆ ಐದು ವರ್ಷ. ಮೈದಾನದ ಮಕ್ಕಳೆಲ್ಲ ಬರಿಗಾಲಲ್ಲಿ ಸಾಲಾಗಿ ಕೋಣೆಯೊಳಗೆ ಬಂದು ನೆಲದ ಮೇಲೆ ಕೂತರು. ನಾನು ಸೀಟಿ ಊದಿದೆ, ಸದ್ದಿನ ಬದಲು ಹಿಟ್ಟು ಉದುರಿತು. ಯಾರೂ ನಗಲಿಲ್ಲ. ಎಲ್ಲರೂ ಬೆರಳನ್ನು ತುಟಿಗಿಟ್ಟು ನನ್ನ ಕಡೆ ನೋಡುತ್ತಿದ್ದರು, ಆಚೆ ಯಾರೋ ಸಣ್ಣಗೆ ಉಸಿರಾಡುತ್ತಿದ್ದರು, ಆ ಉಸಿರು ನಿಲ್ಲದಿರಲಿ ಎಂದು ನಾವೆಲ್ಲ ಕಾಯುತ್ತಿದ್ದೆವು.

ಕಣ್ಣು ಬಿಟ್ಟರೆ ನನ್ನ ಮೂಗಿನ ಕೆಳಗೆ ಒಂದು ಬೆರಳಿತ್ತು. ಅಮ್ಮನದು. ಅವಳ ಮುಖ ಬಿಳಿಚಿಕೊಂಡಿತ್ತು, ಇನ್ನೊಂದು ಕೈಯಲ್ಲಿ ಉಪ್ಪಿನ ಜಾಡಿಯ ಹಿಂದಿನ ಡಬ್ಬಿ.

"ಇದರಿಂದ ಎಷ್ಟು ಹಾಕ್ಕೊಂಡೆ?" ಪಿಸುಗುಟ್ಟಿದಳು.

"ಮೂರು. ಯಾಕೆ?"

"ಮೂರಾ! ಅಯ್ಯೋ ನನ್ನ ಕರ್ಮವೇ. ಎರಡು ಗಂಟೆ ಹೊತ್ತಿಂದ ಉಸಿರು ನೋಡ್ತಾ ಕೂತಿದೀನಿ. ಹನ್ನೆರಡಕ್ಕೂ ಏಳ್ದಿದ್ರೆ ಡಾಕ್ಟರಿಗೆ ಹೇಳೋದು ಅಂದ್ಕೊಂಡಿದ್ದೆ."

ನನ್ನ ತಲೆಯೊಳಗೆ ಇನ್ನೂ ಹಿಟ್ಟು ಉದುರುತ್ತಿತ್ತು. ಡಬ್ಬಿಯನ್ನು ಕಸಿದುಕೊಂಡು ಒಂದು ಮಾತ್ರೆ ಅಂಗೈಗೆ ಸುರಿದುಕೊಂಡೆ. ಸಿಹಿ ಮಾತ್ರೆ ಬರೀ ನುಣ್ಣಗಿರುತ್ತದೆ. ಇದರ ನಡುವೆ ಒಂದು ಗೆರೆ ಇತ್ತು. ಅಪ್ಪನ ಮಾತ್ರೆ.

"ಅಮ್ಮ, ಹಾಗಾದ್ರೆ ಅಪ್ಪ ದಿನಾ ರಾತ್ರಿ ನುಂಗ್ತಿರೋದು ಏನು?"

ಅವಳು ನನ್ನ ಅಂಗೈಯಲ್ಲಿದ್ದ ಮಾತ್ರೆಯನ್ನು ಎತ್ತಿ ಡಬ್ಬಿಗೆ ಹಾಕಿದಳು. ಎರಡೂ ಮಾತ್ರೆ ಬಿಳಿ, ಎರಡೂ ಚಿಕ್ಕವು. ಸಿಹಿ ಮಾತ್ರೆಗಳನ್ನು ಅಪ್ಪನ ಡಬ್ಬಿಗೆ ತುಂಬಿ, ದುಡ್ಡು ಕೊಟ್ಟು ತಂದ ಅವನ ಮಾತ್ರೆಗಳನ್ನು ಎಸೆಯಲು ಕೈ ಬಾರದೆ ಸಿಹಿಯ ಖಾಲಿ ಡಬ್ಬಿಗೆ ಸುರಿದು ಬಚ್ಚಿಟ್ಟಿದ್ದಳು.

ಆಮೇಲೆ ನಾವು ಜಗಳ ಆಡಿದೆವು. ಹೊರಗೆ ಅಪ್ಪ ತೂಕಡಿಸುತ್ತಿದ್ದಾನೆ ಎಂದು ಪಿಸುದನಿಯಲ್ಲೇ ಆಡಿದೆವು. ಈ ಸಲ ನಗು ಬರಲಿಲ್ಲ.

"ನಿನ್ನ ಗಂಡ ಮೆಟ್ಟಿಲ ಮೇಲೆ ಬಿದ್ದು ತಲೆ ಒಡ್ಕೊಂಡಿದಾನೆ. ನೀನು ಅವನ ನಿದ್ದೆ ಕದ್ದು ಡಬ್ಬೀಲಿ ಮುಚ್ಚಿಡ್ತೀಯ? ನಾನು ಆ ಹುಡುಗಿ ಮೇಲೆ ಹರಿಹಾಯ್ದು ಬಂದೆ. ಹೇಳು, ಯಾಕೆ ಹೀಗೆ ಮಾಡ್ದೆ?"

ಅಮ್ಮ ಮಡಚದೆ ಉಳಿದಿದ್ದ ಅಂಗಿಯನ್ನು ಎತ್ತಿಕೊಂಡು ಮಡಚತೊಡಗಿದಳು.

"ನಿಂಗಾಗ ಎರಡು ವರ್ಷ. ಅವರು ಕೆಲಸಕ್ಕೆ ಹೋಗಿದ್ರು. ಒಂದು ರಾತ್ರಿ ಯಾರೋ ಬಾಗಿಲ ಚಿಲಕ ಅಲ್ಲಾಡಿಸಿದ್ರು. ಬಹಳ ಹೊತ್ತು. ನಾನು ನಿನ್ನ ಬಾಯಿ ಮುಚ್ಚಿ ಹಿಡ್ಕೊಂಡು ಕೂತಿದ್ದೆ. ಆಮೇಲೆ ಹೋದ್ರು, ಅಷ್ಟೇ. ಏನೂ ಆಗ್ಲಿಲ್ಲ."

"ಅಪ್ಪಂಗೆ ಹೇಳ್ಲಿಲ್ವಾ?"

"ಹೇಳಿದ್ರೆ ಅವತ್ತೇ ಕೆಲಸ ಬಿಡ್ತಿದ್ರು. ಅವರಿಗೆ ಆ ಕೆಲಸ ಬಿಟ್ರೆ ಬೇರೇನು ಬರುತ್ತೆ ಹೇಳು. ಅವತ್ತಿಂದ ದೀಪ ಹಚ್ಚಿಟ್ಟು ಮಲಗ್ತೀನಿ. ಮಲಗ್ತೀನಿ ಅಂತ ಹೆಸರು. ಒಂದು ಕಿವಿ ಬಾಗಿಲ ಮೇಲೇ ಇರುತ್ತೆ." ಅಂಗಿಯ ಗುಂಡಿಯನ್ನು ಹಾಕಿ, ಮತ್ತೆ ಬಿಚ್ಚಿದಳು. "ಅವರು ಕೆಲಸ ಬಿಟ್ಟು ಬಂದ್ರಲ್ಲ, ರಾತ್ರಿಯೆಲ್ಲ ಅಡುಗೆಮನೇಲಿ ಕೂರ್ತಿದ್ರು. ಲೋಟ ಇಡೋ ಸದ್ದು, ಕೆಮ್ಮೋ ಸದ್ದು. ನಾಲ್ಕನೇ ದಿನವೋ ಏನೋ, ನಾನೇ ಎದ್ದು ದೀಪ ಆರಿಸ್ದೆ. ಎಂಥ ನಿದ್ದೆ ಕಣೇ ಅದು. ಮದುವೆಗೆ ಮುಂಚೆ ನಮ್ಮಮ್ಮನ ಪಕ್ಕ ಮಲಗ್ತಿದ್ದೆನಲ್ಲ, ಆ ನಿದ್ದೆ. ಆಮೇಲೆ ನೀನು ಈ ಮಾತ್ರೆ ತಂದೆ. ಅವರು ಮಲಗಿದ್ರು. ಮನೇಲಿ ಎಚ್ಚರ ಇರೋರು ಯಾರೂ ಇಲ್ಲ. ಮತ್ತೆ ಕಾವಲಿಗೆ ನಾನೇ ಆದೆ."

ಆ ದೀಪ ನನಗಾಗಿ ಎಂದು ಮೂವತ್ತಾರು ವರ್ಷ ನಂಬಿಕೊಂಡು ಹಾಯಾಗಿ ಮಲಗಿದವಳು ನಾನು.

"ತಪ್ಪು ಅಂತ ಗೊತ್ತು" ಅಂದಳು. "ಅವರ ಮುಖ ನೋಡಿದ್ರೆ ಸಂಕಟ ಆಗುತ್ತೆ. ದಿನಾ ಬೆಳಿಗ್ಗೆ, ಇವತ್ತು ರಾತ್ರಿ ಸರಿಯಾದ್ದೇ ಕೊಡ್ತೀನಿ ಅಂದ್ಕೋತೀನಿ. ಕತ್ತಲಾದ್ರೆ ಕೈ ಆ ಡಬ್ಬಿಗೆ ಹೋಗಲ್ಲ."

"ಮೊದಲ ದಿನಾನೇ ಗೊತ್ತಾಯ್ತು ನಂಗೆ."

ಬಾಗಿಲಲ್ಲಿ ಅಪ್ಪ ನಿಂತಿದ್ದ. ಚೌಕಟ್ಟನ್ನು ಹಿಡಿದುಕೊಂಡಿದ್ದ. ನಮ್ಮ ಪಿಸುಮಾತು ಅವನ ನಿದ್ದೆ ಕೆಡಿಸುವುದಿಲ್ಲ ಎಂದು ನಾವು ಅಷ್ಟು ವರ್ಷ ನಂಬಿದ್ದೆವು. ನಮ್ಮ ಜಗಳಗಳನ್ನೆಲ್ಲ ಅವನು ಎಷ್ಟು ಕೇಳಿಸಿಕೊಂಡಿದ್ದಾನೋ ದೇವರೇ ಬಲ್ಲ.

"ಅದು ಕಹಿ, ಇದು ಸಿಹಿ. ಹಸಿ ಹಿಟ್ಟಲ್ಲಿ ಉಪ್ಪು ಹೇಳೋ ನಾಲಿಗೆಗೆ ಇಷ್ಟು ಗೊತ್ತಾಗಲ್ವಾ?"

"ಗೊತ್ತಿದ್ದೂ ನುಂಗಿದ್ಯಾ? ಇಷ್ಟೂ ದಿನ?" ನನ್ನ ದನಿ ಪಿಸುಮಾತನ್ನು ಮೀರಿತು.

"ಹೆಂಡತಿ ಸುಮ್ಮಸುಮ್ಮನೆ ಮಾತ್ರೆ ಬದಲಿಸ್ತಾಳಾ? ಏನೋ ಇದೆ ಅಂದ್ಕೊಂಡೆ. ಚಿಲಕದ ವಿಷಯ ಮಾತ್ರ ಗೊತ್ತಿರ್ಲಿಲ್ಲ, ಅದನ್ನ ಈಗ ಕೇಳ್ದೆ." ಅವನು ಹಣೆಯ ಗಾಯದ ಗೆರೆಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡ. "ಸಿಹಿ ಮಾತ್ರೆ ನುಂಗಿದ ಮೊದಲ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಎದ್ದು ಬಂದು ಇಲ್ಲಿ ಬಾಗಿಲಲ್ಲಿ ನಿಂತೆ. ದೀಪ ಇರ್ಲಿಲ್ಲ, ಬೀದಿ ಬೆಳಕು ಇಷ್ಟೇ ಇಷ್ಟು ಬೀಳ್ತಿತ್ತು. ಇವಳು ಮಲಗಿದ್ಲು. ಮದುವೆಯಾಗಿ ಇಷ್ಟು ವರ್ಷಕ್ಕೆ ಇವಳು ಮಲಗಿದ್ದನ್ನ ನಾನು ನೋಡಿದ್ದು ಅವತ್ತೇ, ಮಗಳೇ. ರಜೆ ದಿನ ಒಳಗೆ ಬಂದ್ರೆ ತಕ್ಷಣ ಎದ್ದು ಕೂರೋಳು. ನಿದ್ದೆ ಮಾಡೋ ಹೆಂಗಸೇ ಅಲ್ಲ ಇವಳು ಅಂದ್ಕೊಂಡಿದ್ದೆ."

ಅಮ್ಮ ಅಂಗಿಯಿಂದ ಮುಖ ಎತ್ತಲಿಲ್ಲ. "ಹೇಗಿರ್ತೀನಿ?" ಎಂದು ಕೇಳಿದಳು.

"ಬಾಯಿ ತೆರ್ಕೊಂಡು. ಗೊರಕೆ ಬೇರೆ."

"ಸುಳ್ಳು!"

"ಸಣ್ಣ ಗೊರಕೆ" ಅಂದ ಅಪ್ಪ. "ಹಿಟ್ಟಿಗೆ ಬಟ್ಟೆ ಮುಚ್ಚಿ ಕೂರ್ತೀನಲ್ಲ, ಹಾಗೆ ಕೂತು ನೋಡ್ದೆ. ಎದ್ದುಬಿಟ್ಟಾಳು ಅಂತ ಉಸಿರು ಕೂಡ ಜೋರಾಗಿ ಬಿಡ್ಲಿಲ್ಲ. ಮರುದಿನವೂ ಸಿಹಿ ಮಾತ್ರೇನೇ ಕೊಟ್ಲು. ನುಂಗ್ದೆ. ಅದಕ್ಕೇನೀಗ?"

ನಾನು ಅಳುವ ಜಾತಿಯವಳಲ್ಲ ಎಂದು ಮೊದಲೇ ಹೇಳಿದ್ದೇನೆ. ಆ ಹಾಸಿಗೆಯ ಮೇಲೆ ಕೂತು ಅತ್ತೆ. ಅಮ್ಮನಿಗೆ ಸಮಾಧಾನ ಮಾಡಲು ಬರುವುದಿಲ್ಲ, ಅಂಗಿಯನ್ನು ನನ್ನ ಕೈಗೆ ಕೊಟ್ಟು ಮಡಚು ಅಂದಳು.

ಆ ಸಂಜೆಯೇ ಔಷಧಿ ಅಂಗಡಿಗೆ ಹೋಗಿ, ಸಾಲಿನವರೆಲ್ಲ ಕೇಳುವಂತೆ ತಪ್ಪೊಪ್ಪಿಕೊಂಡೆ. ಬೈದದ್ದು ಜೋರಾಗಿ, ಕ್ಷಮೆ ಕೇಳುವುದು ಮೆಲ್ಲಗೆ ಎಂದರೆ ನ್ಯಾಯವಲ್ಲ. ಆಮೇಲೆ ಮೆಲ್ಲಗೆ ಒಂದು ಮಾತು ಕೇಳಿದೆ.

"ಕತ್ತಲಾಯ್ತು ಅಂತ ಹೇಳೋ ಚೀಟಿ ಅಂದ್ಯಲ್ಲ. ಅದನ್ನ ಬೆಳಿಗ್ಗೆ ಕೊಟ್ರೆ ಮೈ ನಂಬುತ್ತಾ?"

ಅವಳು ಮೂಗೊರೆಸಿಕೊಂಡು ನಕ್ಕಳು. "ರಾತ್ರಿ ಪಾಳಿಯವರು ಕೆಲವರು ಹಾಗೇ ತಗೋತಾರೆ ಅಕ್ಕ. ಡಾಕ್ಟರನ್ನ ಕೇಳಿ. ಆದ್ರೆ ಚೀಟಿ ಒಂದೇ ಸಾಲದು, ಕೋಣೆ ನಿಜವಾಗ್ಲೂ ಕತ್ತಲಿರ್ಬೇಕು."

ಡಾಕ್ಟರು ಕನ್ನಡಕದ ಮೇಲಿಂದ ಅಪ್ಪ ಅಮ್ಮ ಇಬ್ಬರನ್ನೂ ನೋಡಿದರು. ದಿನವೂ ಒಂದೇ ಹೊತ್ತು, ಒಂದೇ ಮಾತ್ರೆ, ಎದ್ದ ಮೇಲೆ ಸ್ವಲ್ಪ ಬಿಸಿಲು, ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು. ರಾತ್ರಿ ಮಲಗಲೇಬೇಕು ಅಂತ ಎಲ್ಲೂ ಬರೆದಿಲ್ಲ, ಮಲಗಬೇಕು ಅಷ್ಟೇ, ಅಂದರು. ಇದನ್ನು ಮೊದಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳಲು ಬಾಯಿ ತೆರೆದೆ. ಅಮ್ಮ ಮೊಣಕೈಯಿಂದ ತಿವಿದಳು.

ಉದ್ದಜಿಗಿತದ ಮರಳಿನ ಮೇಲಿಂದ ಪರದೆಯನ್ನು ತಂದೆ. ಮೂರು ಸಲ ಒಗೆದರೂ ಮರಳು ಉದುರುತ್ತಿತ್ತು. ಅಮ್ಮ ತೂತಿಗೆ ತೇಪೆ ಹಾಕಲು ಸೂಜಿ ತೆಗೆದಳು, ಅಪ್ಪ ಬೇಡ ಅಂದ. ಸ್ಟೂಲು ಹತ್ತಿ ಕಿತ್ತವಳು ನಾನು, ಸ್ಟೂಲು ಹತ್ತಿ ಕಟ್ಟಿದವಳೂ ನಾನೇ.

ಈಗ ರಾತ್ರಿ ಹತ್ತಕ್ಕೆ ಅಮ್ಮ ತಾನೇ ದೀಪ ಆರಿಸುತ್ತಾಳೆ. ಅಪ್ಪ ಅಡುಗೆಮನೆಯಲ್ಲಿ ಎಚ್ಚರವಿರುತ್ತಾನೆ. ಸಣ್ಣದೊಂದು ಓವನ್ ಕೊಡಿಸಿದ್ದೇವೆ, ಮೂರು ಗಂಟೆಗೆ ಹಿಟ್ಟು ನಾದುತ್ತಾನೆ, ಎತ್ತರದ ಮೇಜಾದ್ದರಿಂದ ಮಂಡಿ ಬಗ್ಗಿಸಬೇಕಿಲ್ಲ. ಬ್ರೆಡ್ಡಿನ ವಾಸನೆಗೆ ಐದೂವರೆಗೆ ಅಮ್ಮ ಏಳುತ್ತಾಳೆ. ಇಬ್ಬರೂ ಒಟ್ಟಿಗೆ ಕೂತು ತಿನ್ನುತ್ತಾರೆ. ಆರು ಗಂಟೆಗೆ ಅಮ್ಮ ನಡುವೆ ಗೆರೆ ಇರುವ ಮಾತ್ರೆಯನ್ನು ಅವನ ಅಂಗೈಗೆ ಇಡುತ್ತಾಳೆ. ಅವನು ನಾಲಿಗೆ ತುದಿಗೆ ತಾಗಿಸಿ, ಕಣ್ಣು ಮುಚ್ಚಿ, "ಹೂಂ, ಕಹಿಯೇ" ಎಂದು ಅವಳನ್ನು ಅಣಕಿಸಿ ನುಂಗುತ್ತಾನೆ. ಕರೆಗಂಟೆಗೆ ಮತ್ತೆ ಕಾಲುಚೀಲ ಬಂದಿದೆ, ಈ ಸಲ ನನ್ನ ಗಂಡನದು.

ಮೊನ್ನೆ ರಜೆಯ ದಿನ ಹನ್ನೊಂದೂವರೆಗೆ ಹೋಗಿದ್ದೆ. ಚಪ್ಪಲಿ ಬೀದಿಯಲ್ಲೇ ಬಿಟ್ಟು, ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಬಂದೆ. ಕೋಣೆಯಲ್ಲಿ ಅಮಾವಾಸ್ಯೆ. ಗೋಡೆಯ ಮೇಲೆ ಬೆಳಕಿನ ಚುಕ್ಕಿ ಮೊಳೆಯ ಹತ್ತಿರಕ್ಕೆ ಬಂದಿತ್ತು. ಅಪ್ಪ ಅಮ್ಮನ ಗುಳಿಯಲ್ಲಿ ತಲೆಯಿಟ್ಟು ಮಲಗಿದ್ದ, ಕೆನ್ನೆ ತುಂಬಿಕೊಂಡಿತ್ತು, ಹುಳಿ ಹಿಟ್ಟಿನ ವಾಸನೆ ಬರುತ್ತಿತ್ತು. ನಾನು ತಣ್ಣನೆಯ ನೆಲದ ಮೇಲೆ ಕೂತೆ. ಹಿಂದಿನಿಂದ ಅಮ್ಮ ಬಂದು ಪಕ್ಕದಲ್ಲಿ ಕೂತಳು.

"ಕಣ್ಣಲ್ಲೇನೇ ಅದು?" ಪಿಸುಗುಟ್ಟಿದಳು.

"ಧೂಳು" ಅಂದೆ.

"ಶ್" ಅಂದಳು ಅಮ್ಮ.